ಬೇಳೆ ಬೇಯದ ನೀರಿನ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

ವೈಟ್‌ಫೀಲ್ಡ್ ಮೆಟ್ರೋದಲ್ಲಿ ನಿಂತ್ಕೊಂಡು ಕೇಳ್ತಿರೋರಿಗೆ, ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಬಸ್ ಕಾಯ್ತಿರೋರಿಗೆ, ಎಲ್ಲರಿಗೂ ಸ್ವಾಗತ. ಇವತ್ತಿನ ಕಥೆ ನೀರಿನ ಲೆಕ್ಕದ್ದು. ಎಷ್ಟು ಲೀಟರ್ ಅನ್ನೋದಲ್ಲ, ನೀರಿನ ಒಳಗೆ ಏನಿದೆ ಅನ್ನೋ ಲೆಕ್ಕ.

ನನ್ನದೇ ತಪ್ಪಿನಿಂದ ಶುರು ಮಾಡ್ತೀನಿ. ನಮ್ಮ ಅಪಾರ್ಟ್‌ಮೆಂಟ್ ವೈಟ್‌ಫೀಲ್ಡ್ ಹತ್ತಿರ. ಬೋರ್‌ವೆಲ್ ನೀರು, ಸಾಲದಿದ್ದಾಗ ಟ್ಯಾಂಕರ್. ಎರಡು ವರ್ಷದಲ್ಲಿ ಗೀಸರ್ ಕಾಯಿಲ್ ಎರಡು ಸಲ ಹೋಯ್ತು. ಅಸೋಸಿಯೇಷನ್‌ನವರು ಮಾಡಿಸಿದ ನೀರಿನ ರಿಪೋರ್ಟ್ ವಾಟ್ಸಾಪ್ ಗ್ರೂಪಿಗೆ ಬಂತು. ನಾನು ಬಿ.ಕಾಂ. ಓದಿದವನು, ಅಂಕಿ ಕಂಡ್ರೆ ಸುಮ್ನಿರೋಕಾಗಲ್ಲ. ಫೋನಲ್ಲಿ ಒಂದು ಕ್ಯಾಲ್ಕುಲೇಟರ್ ತೆಗೆದು ಪಿಎಚ್ 7.2, ಟಿಡಿಎಸ್ 900, ಕ್ಷಾರೀಯತೆ 300, ಕ್ಯಾಲ್ಸಿಯಂ 120, ಉಷ್ಣತೆ 25 ಡಿಗ್ರಿ ಅಂತ ತುಂಬಿದೆ. ಉತ್ತರ ಬಂತು: ಮೈನಸ್ 0.23. ಅಂದ್ರೆ ಈ ನೀರು ಸುಣ್ಣ ಕಟ್ಟಲ್ಲ, ಪೈಪನ್ನೇ ತಿನ್ನುತ್ತೆ ಅಂತ. ಗ್ರೂಪಲ್ಲಿ ಬರೆದೂ ಬಿಟ್ಟೆ.

ನಮ್ಮ ಸಾಫ್ಟ್‌ನರ್ ನೋಡಿಕೊಳ್ಳೋ ಅಣ್ಣ ರಾಯಚೂರು ಕಡೆಯವರು. ಮಾರನೇ ದಿನ ಸಂಪಿನ ಹತ್ತಿರ ಸಿಕ್ಕಿ ಕೇಳಿದ್ರು: “ಅಲ್ರೀ ಸರ್, ಶವರ್ ತೂತೆಲ್ಲ ಸುಣ್ಣ ಕಟ್ಟಿ ಮುಚ್ಚ್ಯಾವ. ನೀವು ನೋಡಿದ್ರ ಪೈಪ್ ತಿಂತದ ಅಂತೀರಿ?”

ಅವರು ಹೇಳಿದ್ದೇ ಸರಿ. ಫೋನ್ ಕೂಡಾ ಲೆಕ್ಕದಲ್ಲಿ ತಪ್ಪಿರಲಿಲ್ಲ. ಹಾಗಾದ್ರೆ ತಪ್ಪಿದ್ದು ಎಲ್ಲಿ? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮಜ್ಜಿ ಹತ್ತಿರ ಯಾವ ಮೀಟರೂ ಇರಲಿಲ್ಲ. “ಈ ನೀರಲ್ಲಿ ಬೇಳೆ ಬೇಯಲ್ಲ” ಅಂತಿದ್ರು, ಅಷ್ಟೇ. ತೊಗರಿಬೇಳೆ ಬೇಯದಿದ್ರೆ, ಸೋಪು ನೊರೆ ಬರದಿದ್ರೆ ಅದು ಗಡಸು ನೀರು. ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್ ಅನ್ನೋ ರಸಾಯನಶಾಸ್ತ್ರಜ್ಞ 1840ರ ದಶಕದಲ್ಲಿ ಇದೇ ಸೋಪಿನ ಪರೀಕ್ಷೆಗೆ ಅಂಕಿ ಕೊಟ್ಟ: ನೊರೆ ನಿಲ್ಲೋಕೆ ಎಷ್ಟು ಸೋಪು ಬೇಕೋ, ಅಷ್ಟು ಗಡಸು. ನೂರು ವರ್ಷ ಆದಮೇಲೆ, 1940ರ ದಶಕದಲ್ಲಿ, ಸ್ವಿಟ್ಜರ್ಲೆಂಡಿನ ಶ್ವಾರ್ಟ್ಸೆನ್‌ಬಾಕ್ ಇಡಿಟಿಎ ವಿಧಾನ ತಂದ. ನೀರಿಗೆ ಬಣ್ಣ ಹಾಕಿ ಹನಿಹನಿಯಾಗಿ ಬಿಡ್ತಾ ಹೋದ್ರೆ ದ್ರಾಕ್ಷಿ ಕೆಂಪು ನೀಲಿಯಾಗುತ್ತೆ. ಎಷ್ಟು ಹನಿ ಹೋಯ್ತು ಅನ್ನೋದೇ ಲೆಕ್ಕ. ಕಿಟ್‌ಗಳಲ್ಲಿ ಇವತ್ತಿಗೂ ಇದೇ ಪರೀಕ್ಷೆ.

ಈ ಎರಡರ ನಡುವೆ, 1936ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಪ್ರೊಫೆಸರ್ ಆಗಿದ್ದ ಲ್ಯಾಂಗೆಲಿಯರ್ ಇನ್ನೊಂದು ಪ್ರಶ್ನೆ ಹಾಕಿಕೊಂಡ. ನೀರಲ್ಲಿ ಸುಣ್ಣದ ಅಂಶ ಇದೆ ಸರಿ, ಅದು ಪೈಪಿಗೆ ಅಂಟುತ್ತಾ, ಇಲ್ಲಾ ಅಂಟಿದ್ದನ್ನೂ ಕರಗಿಸುತ್ತಾ? ಪಿಎಚ್, ಕ್ಯಾಲ್ಸಿಯಂ, ಕ್ಷಾರೀಯತೆ, ಟಿಡಿಎಸ್, ಉಷ್ಣತೆ, ಈ ಐದನ್ನ ಸೇರಿಸಿ ಒಂದೇ ಅಂಕಿ ತೆಗೆಯೋ ದಾರಿ ತೋರಿಸಿದ. ಪ್ಲಸ್ ಬಂದ್ರೆ ಕಟ್ಟೋ ನೀರು, ಮೈನಸ್ ಬಂದ್ರೆ ತಿನ್ನೋ ನೀರು. ಲಾಗ್ ಟೇಬಲ್ ಇಟ್ಕೊಂಡು ಪೇಪರ್ ಮೇಲೆ ಮಾಡೋ ಲೆಕ್ಕ ಅದು.

ಈಗ ನನ್ನ ತಪ್ಪು. ಆ ಸೂತ್ರಕ್ಕೆ ಕ್ಯಾಲ್ಸಿಯಂ ಅನ್ನ ‘ಕ್ಯಾಲ್ಸಿಯಂ ಕಾರ್ಬೊನೇಟ್ ರೂಪದಲ್ಲಿ’ ಕೊಡಬೇಕು. ನಮ್ಮ ರಿಪೋರ್ಟಲ್ಲಿದ್ದ 120 ಬರೀ ಕ್ಯಾಲ್ಸಿಯಂ. ಡಾಲರ್ ಕಾಲಂನಲ್ಲಿದ್ದ ಅಂಕಿನ ರೂಪಾಯಿ ಕಾಲಂಗೆ ಹಾಕಿದ ಹಾಗಾಯ್ತು. ಇಲ್ಲಿ ಎಕ್ಸ್‌ಚೇಂಜ್ ರೇಟ್ 2.5. 120 ಅಂದ್ರೆ 300. ಅದನ್ನ ಹಾಕಿ ನೋಡಿದೆ: ಪ್ಲಸ್ 0.17. ತೀರ್ಪೇ ತಿರುಗಿಬಿಡ್ತು! ಪಿಎಚ್ ಹಾಗೇ ಇದೆ ಅಂದ್ಕೊಂಡು, ಗೀಸರ್ ಒಳಗಿನ 60 ಡಿಗ್ರಿ ಹಾಕಿದ್ರೆ ಸುಮಾರು ಪ್ಲಸ್ 0.8. ಬಿಸಿಯಾದಷ್ಟೂ ಸುಣ್ಣ ಜಾಸ್ತಿ ಕಟ್ಟುತ್ತೆ. ಕಾಯಿಲ್ ಯಾಕೆ ಹೋಯ್ತು ಅಂತ ಆಗ ಗೊತ್ತಾಯ್ತು.

ಇದು ನನ್ನೊಬ್ಬನ ಎಡವಟ್ಟು ಅಂತ ಬಿಟ್ಟುಬಿಡಬಹುದಿತ್ತು. ಆದರೆ ಬೆಂಗಳೂರಿನ ಇತಿಹಾಸ ಇಲ್ಲೇ ಬರುತ್ತೆ ನೋಡಿ. ಲ್ಯಾಂಗೆಲಿಯರ್ ಲೆಕ್ಕ ಹುಟ್ಟಿದ್ದು ನಗರದ ನೀರು ಸರಬರಾಜಿಗೆ. ಅಲ್ಲಿ ಒಂದು ಮೂಲ, ಒಂದು ಶುದ್ಧೀಕರಣ ಘಟಕ, ದಿನಾ ಪರೀಕ್ಷೆ ಮಾಡೋಕೆ ಒಂದು ಲ್ಯಾಬ್. ಬೆಂಗಳೂರಿನ ಹಳೇ ಭಾಗವೂ ಹಾಗೇ ಬೆಳೀತು. 1890ರ ದಶಕದಲ್ಲಿ ಹೆಸರಘಟ್ಟದ ನೀರು, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ ಮೊದಲ ಹಂತ. ನಲ್ಲಿ ತಿರುಗಿಸೋರು ಕೆಮಿಸ್ಟ್ರಿ ಕಲಿಯಬೇಕಾಗಿರಲಿಲ್ಲ, ಆ ಕೆಲಸಕ್ಕೆ ಬೇರೆ ಜನ ಇದ್ರು.

ಹೊರವಲಯ ಬೆಳೆದಿದ್ದು ಬೇರೆ ಥರ. 1970ರ ದಶಕದ ಕೊನೆಗೆ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿ ಶುರು ಮಾಡ್ತು. 1990ರ ದಶಕದಲ್ಲಿ ವೈಟ್‌ಫೀಲ್ಡಿಗೆ ಐಟಿಪಿಎಲ್ ಬಂತು. 2007ರಲ್ಲಿ ಬಿಬಿಎಂಪಿ ಆದಾಗ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಕೊಂಡ್ವು. ಕಾವೇರಿ ಐದನೇ ಹಂತ ಆ 110 ಹಳ್ಳಿಗಳಿಗೆ ಅಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್ 16ಕ್ಕೆ. ದಿನಕ್ಕೆ 77.5 ಕೋಟಿ ಲೀಟರ್‌ನ ಯೋಜನೆ. ನಡುವಿನ ವರ್ಷಗಳಲ್ಲಿ ಒಂದೊಂದು ಅಪಾರ್ಟ್‌ಮೆಂಟೂ ತನಗೆ ತಾನೇ ಒಂದು ಜಲಮಂಡಳಿ ಆಯ್ತು. ಸಂಪು, ಪಂಪು, ಸಾಫ್ಟ್‌ನರ್, ಎಸ್‌ಟಿಪಿ ಎಲ್ಲಾ ಬಂತು. ಕೆಮಿಸ್ಟ್ ಒಬ್ಬರು ಬರಲಿಲ್ಲ. ಅವರ ಜಾಗದಲ್ಲಿ ನಿಂತವರು ಆ ರಾಯಚೂರಿನ ಅಣ್ಣ.

2024ರ ಬೇಸಿಗೆ ನೆನಪಿದ್ಯಾ? ಜಿಲ್ಲಾಡಳಿತ ಟ್ಯಾಂಕರ್ ದರ ಕಟ್ಟಿತು: 5 ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600 ರೂಪಾಯಿ, 12,000 ಲೀಟರ್‌ಗೆ 1,000. ದರ ನಿಂತಿದ್ದು ಲೀಟರ್ ಮೇಲೆ, ಕಿಲೋಮೀಟರ್ ಮೇಲೆ. ಗಡಸುತನಕ್ಕೆ ಅದರಲ್ಲಿ ಜಾಗ ಇರಲಿಲ್ಲ. ಒಂದು ಲೆಕ್ಕ ಮಾಡಿ: ಗಡಸುತನ ಲೀಟರ್‌ಗೆ 400 ಮಿಲಿಗ್ರಾಂ ಇದ್ರೆ, 12,000 ಲೀಟರ್ ಟ್ಯಾಂಕರಲ್ಲಿ 4.8 ಕಿಲೋ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮನಾದ ಸರಕು ನಿಮ್ಮ ಸಂಪಿಗೆ ಇಳಿಯುತ್ತೆ. ನಾಳೆ ಇನ್ನೊಂದು ಬೋರಿನ ಟ್ಯಾಂಕರ್ ಬಂದ್ರೆ ಇನ್ನೊಂದು ಲೆಕ್ಕ.

ಸಾಫ್ಟ್‌ವೇರ್ ಇಲ್ಲ ಅಂತೇನಲ್ಲ. ಅಮೆರಿಕದ ಸರ್ಕಾರಿ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್ 1980ರಲ್ಲಿ ಫೋರ್ಟ್ರಾನ್ ಭಾಷೆಯಲ್ಲಿ ಒಂದು ಪ್ರೋಗ್ರಾಂ ತಂತು. 1995ರಲ್ಲಿ ಅದನ್ನ ಸಿ ಭಾಷೆಗೆ ಬದಲಾಯಿಸಿ ‘ಫ್ರೀಕ್‌ಸಿ’ ಅಂತ ಹೆಸರಿಟ್ಟರು. ಇವತ್ತಿಗೂ ಉಚಿತ. ಎರಡು ನೀರು ಬೆರೆಸಿದ್ರೆ ಏನಾಗುತ್ತೆ ಅಂತಾನೂ ಹೇಳುತ್ತೆ. ನಮ್ಮ ಸಂಪುಗಳಲ್ಲಿ ಕಾವೇರಿ, ಬೋರು, ಟ್ಯಾಂಕರ್ ಮೂರೂ ಬೆರೆಯೋದ್ರಿಂದ ಇದು ನಮಗೆ ಮುಖ್ಯ. ಗಡಸುತನಕ್ಕೆ ಸರಾಸರಿ ತೆಗೀಬಹುದು, ಪಿಎಚ್‌ಗೆ ತೆಗೆಯೋಕಾಗಲ್ಲ, ಅದು ಲಾಗ್ ಅಳತೆ.

ಆದ್ರೆ ಯಾವ ಸಾಫ್ಟ್‌ವೇರೂ ನಾವು ಅಳೆಯದೇ ಇರೋದನ್ನ ಲೆಕ್ಕ ಹಾಕಲ್ಲ. ಪೀಣ್ಯವನ್ನೇ ತಗೊಳ್ಳಿ. ಅಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳು ತುಂಬಾ ಇವೆ. ಸುತ್ತಲಿನ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಸಿಕ್ಕಿದ್ದು ದಾಖಲಾಗಿದೆ. ಕುಡಿಯೋ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಒಟ್ಟು ಕ್ರೋಮಿಯಂ ಮಿತಿ ಲೀಟರ್‌ಗೆ 0.05 ಮಿಲಿಗ್ರಾಂ. ಟಿಡಿಎಸ್‌ಗೆ 500. ಹತ್ತು ಸಾವಿರ ಪಟ್ಟು ವ್ಯತ್ಯಾಸ. ಟಿಡಿಎಸ್ ಮೀಟರ್ ಅದ್ದಿ “ನೀರು ಚೆನ್ನಾಗಿದೆ” ಅಂದ್ರೆ ಕ್ರೋಮಿಯಂ ಬಗ್ಗೆ ಏನೂ ಹೇಳಿದ ಹಾಗಾಗಲ್ಲ.

ಹಾಗಾದ್ರೆ ನಮ್ಮಂಥೋರು ಏನು ಮಾಡೋದು? ಕಾಮರ್ಸ್‌ನವರಿಗೆ ಇಲ್ಲೊಂದು ಖುಷಿ ಸುದ್ದಿ. ನೀರಿಗೂ ಟ್ರಯಲ್ ಬ್ಯಾಲೆನ್ಸ್ ಇದೆ! ನೀರಲ್ಲಿರೋ ಪಾಸಿಟಿವ್ ಅಯಾನುಗಳು ಒಂದು ಕಡೆ, ನೆಗೆಟಿವ್ ಇನ್ನೊಂದು ಕಡೆ. ಕ್ಯಾಲ್ಸಿಯಂ ಆದ್ರೆ 20 ಮಿಲಿಗ್ರಾಂಗೆ ಒಂದು ಘಟಕ, ಕ್ಲೋರೈಡ್ ಆದ್ರೆ 35.5ಕ್ಕೆ ಒಂದು. ಎಲ್ಲಾನೂ ಒಂದೇ ಘಟಕಕ್ಕೆ ತಂದು ಕೂಡಿದ್ರೆ ಎರಡೂ ಕಡೆ ಹತ್ತಿರ ಹತ್ತಿರ ತಾಳೆ ಆಗಬೇಕು. ದೊಡ್ಡ ವ್ಯತ್ಯಾಸ ಬಂದ್ರೆ ರಿಪೋರ್ಟಲ್ಲಿ ಏನೋ ತಪ್ಪಿದೆ, ಅಥವಾ ಏನನ್ನೋ ಅಳೆದಿಲ್ಲ. ತಾಳೆ ಆದ ಮಾತ್ರಕ್ಕೆ ಎಲ್ಲಾ ಸರಿ ಅಂತಾನೂ ಅಲ್ಲ. ಕ್ರೋಮಿಯಂನಂಥ ಸಣ್ಣ ಮೊತ್ತ ಅದರಲ್ಲಿ ಕಾಣೋದೇ ಇಲ್ಲ. ಅದಕ್ಕೆ ಬೇರೆ ಪರೀಕ್ಷೆ ಮಾಡಿಸಲೇಬೇಕು.

ಈಗ ನಮ್ಮ ಸಂಪಿನ ಹತ್ತಿರ ಒಂದು ನೋಟ್‌ಬುಕ್ ತೂಗುಹಾಕಿದ್ದೀವಿ. ಟ್ಯಾಂಕರ್ ಬಂದಾಗೆಲ್ಲ ಅಣ್ಣ ಹನಿ ಎಣಿಸಿ ಗಡಸುತನ ಬರೀತಾರೆ, ಕನ್ನಡದಲ್ಲೇ. ಸಾಫ್ಟ್‌ನರ್‌ಗೆ ಯಾವಾಗ ಉಪ್ಪು ಹಾಕಬೇಕು ಅಂತ ಅದನ್ನ ನೋಡಿ ಅವರೇ ಹೇಳ್ತಾರೆ. ನಾನು ಆ ಅಂಕಿಗಳನ್ನ ಫೋನಿಗೆ ಹಾಕ್ತೀನಿ, ಕಾಲಂ ಯಾವುದು ಅಂತ ಎರಡು ಸಲ ನೋಡಿ.

ನಿಮ್ಮ ಅಪಾರ್ಟ್‌ಮೆಂಟ್, ಪಿಜಿ, ಫ್ಯಾಕ್ಟರಿಯ ನೀರಿನ ರಿಪೋರ್ಟ್ ಕೊನೇ ಸಲ ಯಾವಾಗ ಬಂತು? ಒಂದ್ಸಲ ಕೇಳಿ ನೋಡಿ.