ಕೆರೆಯ ಏರಿಯೂ ಸಹಕಾರ ಸಂಘವೂ

ಮಧುಗಿರಿ ಸೀಮೆಯ ನಮ್ಮ ದೊಡ್ಡೇರಿಯ ಹೆಸರನ್ನು ಬಿಡಿಸಿದರೆ ‘ದೊಡ್ಡ’, ‘ಏರಿ’ ಎಂಬ ಎರಡು ಪದಗಳು ದೊರೆಯುತ್ತವೆ. ತರಗತಿಯಲ್ಲಿ ಲೋಪಸಂಧಿಗೆ ಈ ಹೆಸರನ್ನೇ ಉದಾಹರಣೆ ಕೊಡುವುದು ನನ್ನ ರೂಢಿ. ಆದರೆ ಏರಿ ಎಂಬುದು ಬರಿಯ ವ್ಯಾಕರಣದ ಮಾತಲ್ಲ. ಮಳೆ ವಿರಳವಾದ ಈ ಬಯಲುಸೀಮೆಯಲ್ಲಿ ಏರಿ ಒಡೆದರೆ ಹಾಳಾಗುವುದು ಒಬ್ಬನ ಗದ್ದೆಯಲ್ಲ, ಊರಿನ ಬದುಕು. ಆದ್ದರಿಂದಲೇ ಹಿಂದಿನವರು ಕೆರೆಯ ರಕ್ಷಣೆಗೆಂದು ಭೂಮಿಯನ್ನು ಬಿಟ್ಟರು. ಶಾಸನಗಳಲ್ಲಿ ಬರುವ ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ ಎಂಬ ಮಾತುಗಳೇ ಇದಕ್ಕೆ ಸಾಕ್ಷಿ.

ಇದೇ ಭಾವನೆಗೆ ಕಾನೂನಿನ ರೂಪ ದೊರೆತದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ 1844ರಲ್ಲಿ ಕೆಲವು ಮಂದಿ ಬಡ ನೇಕಾರರೂ ಕುಶಲಕರ್ಮಿಗಳೂ ಸೇರಿ ಪುಟ್ಟದೊಂದು ಅಂಗಡಿ ತೆರೆದಿದ್ದರು. ಹಣ ಎಷ್ಟೇ ಹಾಕಿರಲಿ, ಒಬ್ಬನಿಗೆ ಒಂದೇ ಮತ ಎಂಬುದು ಆ ಚಳವಳಿಯ ಜೀವಾಳ. ನಮ್ಮ ದೇಶದಲ್ಲಿ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಿತು. ಮರುವರ್ಷವೇ, ಅಂದು ಧಾರವಾಡ ಜಿಲ್ಲೆಗೂ ಇಂದು ಗದಗ ಜಿಲ್ಲೆಗೂ ಸೇರಿದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘವನ್ನು ಕಟ್ಟಿದರು. ದೇಶದ ಮೊತ್ತಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಅದು ಹೆಸರಾಗಿದೆ. ಆ ಕಾಯಿದೆಯಂತೆ ಗ್ರಾಮದ ಸಂಘಗಳಲ್ಲಿ ಸಾಮಾನ್ಯವಾಗಿ ಹೊಣೆ ಅಪರಿಮಿತ. ಒಬ್ಬನು ಸಾಲ ತೀರಿಸದಿದ್ದರೆ ಉಳಿದವರೆಲ್ಲರೂ ಬಾಧ್ಯರು. ಏರಿಯ ನ್ಯಾಯವೂ ಇದೇ ಅಲ್ಲವೆ?

ಮೈಸೂರು ಸಂಸ್ಥಾನವೂ 1905ರಲ್ಲಿಯೇ ತನ್ನ ಸಹಕಾರ ಕಾನೂನನ್ನು ಮಾಡಿತು. 1909ರಲ್ಲಿ ಬೆಂಗಳೂರಿನಲ್ಲಿ ಗೃಹನಿರ್ಮಾಣ ಸಹಕಾರ ಸಂಘ ಹುಟ್ಟಿತು. ದೇಶದಲ್ಲಿ ಆ ಬಗೆಯದಕ್ಕೆ ಅದೇ ಮೊದಲನೆಯದೆನ್ನುತ್ತಾರೆ. ಇನ್ನು ಕಾಫಿ ಮಂಡಳಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ, ಕೆಲಸ ಕಳೆದುಕೊಳ್ಳಲಿದ್ದ ನೌಕರರೇ ಎ. ಕೆ. ಗೋಪಾಲನ್ ಅವರ ಪ್ರೋತ್ಸಾಹದಿಂದ 1957ರಲ್ಲಿ ಬೆಂಗಳೂರಿನಲ್ಲಿ ಸಹಕಾರ ಸಂಘ ರಚಿಸಿಕೊಂಡರು. ನಿನ್ನೆ ಲೋಟ ತಂದಿಟ್ಟವನು ಇಂದು ಅಂಗಡಿಯ ಪಾಲುದಾರ! 2009ರಲ್ಲಿ ಮಹಾತ್ಮ ಗಾಂಧಿ ರಸ್ತೆಯ ಹಳೆಯ ಜಾಗವನ್ನು ಬಿಡಬೇಕಾಗಿ ಬಂದಾಗಲೂ ಸಂಘ ಮುಳುಗಲಿಲ್ಲ. ಚರ್ಚ್ ಸ್ಟ್ರೀಟಿನಲ್ಲಿ ಮತ್ತೆ ಒಲೆ ಹೊತ್ತಿಸಿತು.

ಸಹಕಾರ ಸಂಘಗಳೆಲ್ಲವೂ ಹೀಗೆ ಬಾಳಿವೆಯೆಂದರೆ ಸುಳ್ಳಾದೀತು. ನಾನೂ ಒಮ್ಮೆ ನಿವೇಶನದ ಆಸೆಯಿಂದ ಸಂಘವೊಂದಕ್ಕೆ ಷೇರು ಹಣ ಕಟ್ಟಿದ್ದೆ. ವರ್ಷ ವರ್ಷವೂ ಮಹಾಸಭೆಯ ಆಮಂತ್ರಣ ಬರುತ್ತಿತ್ತು. ನಾನು ಒಮ್ಮೆಯೂ ಹೋಗಲಿಲ್ಲ. ನಿವೇಶನ ಬರಲಿಲ್ಲವೆಂದು ಕೊನೆಗೆ ಕೂಗಾಡಹೋದಾಗ, ಲೆಕ್ಕಪತ್ರಗಳು ಸದಸ್ಯರೆದುರೇ ಮಂಜೂರಾಗಿದ್ದವು. ಸಭೆಯಲ್ಲಿದ್ದವರು ಬೆರಳೆಣಿಕೆಯಷ್ಟು ಮಂದಿ. ತಪ್ಪಿನಲ್ಲಿ ನನ್ನ ಪಾಲೂ ಇತ್ತು.

ಸಹಕಾರ ಸಂಘ ಕಟ್ಟುವುದನ್ನು 2012ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ಮೂಲಕ ಸಂವಿಧಾನವು ಮೂಲಭೂತ ಹಕ್ಕುಗಳಲ್ಲಿ ಸೇರಿಸಿದೆ. ಹಕ್ಕೇನೋ ಬಂದಿತು. ಆದರೆ ಏರಿಯಲ್ಲಿ ಇಲಿ ಬಿಲ ತೋಡುವುದನ್ನು ಕಂಡೂ ಸುಮ್ಮನಿದ್ದವನಿಗೆ, ಕೆರೆ ಒಡೆದ ಮೇಲೆ ನೀರಗಂಟಿಯೊಬ್ಬನನ್ನೇ ಬೈಯುವ ನೈತಿಕ ಬಲವೆಲ್ಲಿ? ಮುಂದಿನ ಮಹಾಸಭೆಯ ಕಾಗದ ಮನೆಗೆ ಬಂದಾಗ, ವಾಚಕರು ಅದನ್ನು ಮಡಿಸಿಡದೆ ಸಭೆಗೆ ಹೋಗಿ ಕುಳಿತು ಲೆಕ್ಕ ಕೇಳಲಿ.