ಗಣಕಯಂತ್ರದ ಪುಟದ ಅಳತೆ

ಗಣಕಯಂತ್ರದ ಸ್ಮೃತಿಗೂ ಪುಟಗಳುಂಟು. ಆ ಪುಟ ಎಷ್ಟು ದೊಡ್ಡದಿರಬೇಕೆಂಬ ಪ್ರಶ್ನೆ ಅರವತ್ತು ವರ್ಷಗಳಿಂದಲೂ ವಿದ್ವಾಂಸರನ್ನು ಬಿಟ್ಟಿಲ್ಲ. ಅದಕ್ಕೆ ಉತ್ತರವನ್ನರಸಿದವರಲ್ಲಿ ನಮ್ಮ ಹಿಂದೂಪುರದಿಂದ ರೈಲು ಹಿಡಿದರೆ ಅರ್ಧ ದಿನವೂ ಬೇಡದ ಬೆಂಗಳೂರಿನವರೂ ಇರುವರು.

ಮಕ್ಕಳಿಗೆ ಉಕ್ತಲೇಖನಕ್ಕೆ ಇಡೀ ಹಾಳೆಗಳನ್ನು ಹಂಚಿದರೆ ನಾಲ್ಕು ಸಾಲು ಬರೆದು ಉಳಿದುದನ್ನು ಖಾಲಿ ಬಿಡುವರು. ಚೂರುಮಾಡಿ ಹಂಚಿದರೆ ಕಾಗದವೇನೋ ಉಳಿಯುವುದು. ಆದರೆ ಯಾವ ಚೂರು ಯಾರದೆಂಬ ಪಟ್ಟಿಯೇ ಬೆಳೆದು, ಹುಡುಕುವುದರಲ್ಲಿ ಹೊತ್ತು ಕಳೆಯುವುದು. ಗಣಕದ ಆಡಳಿತ ನೋಡುವ ಆಪರೇಟಿಂಗ್ ಸಿಸ್ಟಮ್ಮಿನ ಪಾಡೂ ಇದೇ. ಅದು ಪ್ರತಿ ಕೆಲಸಕ್ಕೂ ಸ್ಮೃತಿಯನ್ನು ಪುಟಪುಟವಾಗಿ ಅಳೆದು ಕೊಟ್ಟು, ಯಾವುದು ಎಲ್ಲಿದೆಯೆಂದು ಪಟ್ಟಿಯಿಡುವುದು.

ಈ ಪದ್ಧತಿಯ ಮೊದಲ ಹೆಸರು ಅಟ್ಲಾಸ್. ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಟಾಮ್ ಕಿಲ್ಬರ್ನ್ ಮತ್ತು ಸಂಗಡಿಗರು ಕಟ್ಟಿದ ಈ ಯಂತ್ರ 1962ರಲ್ಲಿ ಉದ್ಘಾಟನೆಯಾಯಿತು. ಪುಟಕ್ಕೆ 512 ಪದಗಳು. ವೇಗದ ಸ್ಮೃತಿಯಲ್ಲಿದ್ದುವು ಕೇವಲ 32 ಪುಟಗಳು! ಮಿಕ್ಕವು ತಿರುಗುವ ಕಾಂತೀಯ ಡ್ರಮ್ಮಿನ ಮೇಲೆ. 1977ರ ವ್ಯಾಕ್ಸ್ ಯಂತ್ರದ ಪುಟ ಬರಿಯ 512 ಬೈಟ್. ಸ್ಮೃತಿ ದುಬಾರಿಯಾಗಿದ್ದ ಕಾಲ. ಆ ಜಿಪುಣತನವನ್ನು ಹಳಿಯಲಾಗದು.

1985ರಲ್ಲಿ ಇಂಟೆಲ್ 80386 ಚಿಪ್ಪು 4096 ಬೈಟಿನ ಪುಟವನ್ನು ತಂದಿತು. 4 ಮೆಗಾಬೈಟಿನ ಯಂತ್ರಕ್ಕೆ 1024 ಪುಟಗಳಾದುವು; ಹದವಾದ ಲೆಕ್ಕ. ಇಂದಿನ 16 ಗಿಗಾಬೈಟಿನ ಯಂತ್ರದಲ್ಲಿ ಅದೇ ಅಳತೆಯಿಂದ 41,94,304 ಪುಟಗಳು! ಇತ್ತೀಚೆಗೆ ಮುಟ್ಟಿದ ಪುಟಗಳ ಕಿರುಪಟ್ಟಿಯೊಂದು ಚಿಪ್ಪಿನೊಳಗೇ ಇರುವುದಾದರೂ ಅದರಲ್ಲಿ ಹಿಡಿಯುವುದು ಒಂದೆರಡು ಸಾವಿರ ಮಾತ್ರ. ಅಲ್ಲಿ ಸಿಗದಿದ್ದರೆ ದೊಡ್ಡ ಪಟ್ಟಿಯ ನಾಲ್ಕು ಮಜಲುಗಳನ್ನು ಇಳಿಯಬೇಕು.

ಹಾಗಾದರೆ ಅಳತೆಯನ್ನೇ ಬದಲಿಸಬಾರದೆ? 4096 ಎಂದೇ ನಂಬಿ ಬರೆದ ಕ್ರಮವಿಧಿಗಳು ಕೆಡುವುವು. ಆಪಲ್ ಸಂಸ್ಥೆ 2020ರ ಎಂ1 ಗಣಕಗಳಲ್ಲಿ 16 ಕಿಲೋಬೈಟಿಗೆ ಹೋಯಿತು. 2024ರ ಆಂಡ್ರಾಯ್ಡ್ 15 ಸಹ ಅದಕ್ಕೆ ಎಡೆಗೊಟ್ಟಿತು. ಇಂಟೆಲ್ ವಂಶದ ಚಿಪ್ಪುಗಳು ಸಣ್ಣ ಪುಟವನ್ನು ಬಿಡದೆ, ಪಕ್ಕದಲ್ಲಿ 2 ಮೆಗಾಬೈಟ್ ಮತ್ತು 1 ಗಿಗಾಬೈಟಿನ ಹಿರಿಪುಟಗಳನ್ನೂ ಇರಿಸಿಕೊಂಡುವು. 2011ರಿಂದ ಲಿನಕ್ಸ್ 2 ಮೆಗಾಬೈಟಿನದನ್ನು ತಾನಾಗಿಯೇ ಹಂಚತೊಡಗಿತು. ಆಗ ಹಳೆಯ ಖಾಲಿ ಹಾಳೆಯ ದೋಷ ಮರಳಿತು: ಹಿರಿಪುಟದಲ್ಲಿ ಒಂದಿಷ್ಟು ಬರೆದರೂ 512 ಸಣ್ಣ ಪುಟಗಳ ಜಾಗ ಹೋಯಿತು.

ಇಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲಸ ಬರುವುದು. ಅಲ್ಲಿನ ಆಶಿಶ್ ಪನ್ವಾರ್, ಕೆ. ಗೋಪಿನಾಥ್ ಅವರು ದೆಹಲಿ ಐಐಟಿಯ ಸೊರವ್ ಬನ್ಸಲ್ ಅವರೊಡನೆ 2019ರಲ್ಲಿ ಪ್ರಕಟಿಸಿದ 'ಹಾಕ್‌ಐ' ವಿಧಾನವು, ಹುಡುಕಾಟದಿಂದ ಹೆಚ್ಚು ಬಳಲುವ ಕೆಲಸಕ್ಕೆ ಮೊದಲು ಹಿರಿಪುಟ ಕೊಡುವುದು. ಸ್ಮೃತಿ ಬಿಗಿಯಾದಾಗ ಹಿರಿಪುಟದೊಳಗಿನ ಬರಿಯ ಸೊನ್ನೆಗಳ ಭಾಗಗಳನ್ನು ಹಿಂತೆಗೆದುಕೊಳ್ಳುವುದು. ಎಲ್ಲರಿಗೂ ಒಂದೇ ಅಳತೆ ಎಂಬುದಕ್ಕಿಂತ, ಯಾರಿಗೆ ಬೇಕು ಎಂದು ಕೇಳುವ ಈ ರೀತಿ ನಮಗೆ ಮೆಚ್ಚು. 2021ರಲ್ಲಿ ವೆಂಕಟ್ ಶ್ರೀ ಸಾಯಿ ರಾಮ್, ಪನ್ವಾರ್, ಅರ್ಕಪ್ರವ ಬಸು ಅವರು 'ಟ್ರೈಡೆಂಟ್' ಎಂಬ ವಿಧಾನದಲ್ಲಿ, ಅದುವರೆಗೆ ಬಹುಮಟ್ಟಿಗೆ ಮೂಲೆಗುಂಪಾಗಿದ್ದ 1 ಗಿಗಾಬೈಟಿನ ಪುಟವನ್ನೂ ಸೇರಿಸಿ ಮೂರು ಅಳತೆಗಳನ್ನೂ ದುಡಿಸಿದರು. ಅಂತಹ ಒಂದೇ ಪುಟದಲ್ಲಿ ಅಟ್ಲಾಸಿನ ಇಡೀ ವೇಗದ ಸ್ಮೃತಿಯನ್ನು ಹತ್ತು ಸಾವಿರಕ್ಕೂ ಹೆಚ್ಚು ಬಾರಿ ತುಂಬಿಸಬಹುದು.