ಮಡಿಕೆ, ಪಾಕೀಟು, ಬಾಟ್ಲಿ

ನಮ್ಮ ಮಡಕಶಿರಾ ಸೀಮೆಗೆ ಮೂರು ದಿಕ್ಕಿಗೂ ಕರ್ನಾಟಕ. ಮಾತು ಕನ್ನಡ, ಸರ್ಕಾರ ಆಂಧ್ರದ್ದು. ಹಾಗಾಗಿ ಕುಡಿತದ ಚರಿತ್ರೆಯನ್ನ ನಾವು ಗಡಿಯ ಎರಡೂ ಕಡೆಯಿಂದ ಕಂಡಿದ್ದೇವೆ.

ನಾನು ಹುಡುಗನಾಗಿದ್ದಾಗ ಕುಡಿತ ಅಂದ್ರೆ ಈಚಲು ಹೆಂಡ. ಸಂಜೆ ಮರಕ್ಕೆ ಮಡಿಕೆ ಕಟ್ಟಿ ಬೆಳಿಗ್ಗೆ ಇಳಿಸೋರು. ಹೊತ್ತು ಏರಿದಂಗೆ ಹುಳಿ ಏರ್ತದೆ, ಮಾರನೇ ದಿನಕ್ಕೆ ಕೆಡ್ತದೆ. ಅದೂ ಮನೆ ಹಾಳು ಮಾಡಿದ್ದುಂಟು, ಇಲ್ಲ ಅನ್ನಲಾರೆ. ಆದರೆ ಮರ ಕೊಟ್ಟಷ್ಟೇ ಕುಡಿತ.

ಸಾರಾಯಿಗೆ ಆ ಎಲ್ಲೆ ಇಲ್ಲ. ಭಟ್ಟಿ ಇಳಿಸಿದ್ದು ಕೆಡೋದಿಲ್ಲ. 80ರ ದಶಕದಲ್ಲಿ ಪ್ಲಾಸ್ಟಿಕ್ ಪಾಕೀಟಿಗೆ ತುಂಬಿದ ಮೇಲೆ ಹೊಲದ ಬದುವಿಗೂ ಬಂತು. ಕೂಲಿ ದುಡ್ಡು ಮನೆಗಿಂತ ಮುಂಚೆ ಅಂಗಡಿ ಸೇರ್ತಿತ್ತು. ಅಂಗಡಿ ಹರಾಜಿನ ಹಣ ಸರ್ಕಾರದ ಖಜಾನೆಗೆ.

ಇದನ್ನ ತಡೆದವರು ಹೆಂಗಸರು. ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಅಕ್ಷರ ಕಲಿಸೋ ರಾತ್ರಿ ಶಾಲೆ ನಡೀತಿತ್ತು. ಆ ಪಾಠದ ಪುಸ್ತಕದಲ್ಲಿ ಕುಡಿತದಿಂದ ನೊಂದ ಸೀತಮ್ಮನ ಕಥೆ. ಓದಿದವರು ಇದು ನಮ್ಮದೇ ಕಥೆ ಅಂದ್ರು. ರೋಸಮ್ಮನಂಥವರು ಮುಂದೆ ನಿಂತು ಅಂಗಡಿ ಮುಚ್ಚಿಸಿದರು. 1992ರಲ್ಲಿ ಸಾರಾಯಿ ಹರಾಜಿಗೇ ಅಡ್ಡ ನಿಂತರು. 1993ರ ಅಕ್ಟೋಬರ್ 1ಕ್ಕೆ ರಾಜ್ಯದಲ್ಲೆಲ್ಲ ಸಾರಾಯಿ ನಿಂತಿತು. 1994ರ ಡಿಸೆಂಬರಿನಲ್ಲಿ ಮುಖ್ಯಮಂತ್ರಿಯಾದ ಎನ್.ಟಿ. ರಾಮರಾಯರು, ಮುಂದಿನ ಜನವರಿಯಿಂದ ಪೂರ್ತಿ ಪಾನನಿಷೇಧವನ್ನೇ ತಂದರು.

ಆದರೆ ಗಡಿಯಾಚೆ ಅಂಗಡಿ ತೆರೆದೇ ಇತ್ತು. ಖಜಾನೆಯೂ ಸೊರಗಿತು. 1997ರಲ್ಲಿ ನಿಷೇಧ ಸಡಿಲವಾಗಿ ಬಾಟ್ಲಿ ಮರಳಿ ಬಂತು. ಕರ್ನಾಟಕವೂ 2007ರ ಜುಲೈ 1ರಿಂದ ಸಾರಾಯಿ ನಿಲ್ಲಿಸಿತು. ಕುಡಿಯೋರು ಅಗ್ಗದ ಬ್ರಾಂದಿ, ವಿಸ್ಕಿಗೆ ತಿರುಗಿದರು. 2019ರ ನಂತರ ಆಂಧ್ರದಲ್ಲಿ ಬೆಲೆ ಏರಿದಾಗ ಕರ್ನಾಟಕದ ಕಾಗದದ ಪೊಟ್ಟಣ ಈ ಕಡೆಗೆ ಬಂದವು. 2024ರ ಅಕ್ಟೋಬರಿನಿಂದ ಇಲ್ಲಿ ಮತ್ತೆ ಖಾಸಗಿ ಅಂಗಡಿ, 99 ರೂಪಾಯಿಗೆ ಕ್ವಾರ್ಟರ್.

ಮುಂದೇನು? ಈಗಿನ ಹುಡುಗರು ಬಿಯರ್ ಕೇಳ್ತಾರೆ, ನಾಳೆ ಇನ್ನೊಂದು ಬರಬಹುದು. ಪಾತ್ರೆ ಬದಲಾದೀತು, ವ್ಯಾಪಾರ ನಿಲ್ಲಲಾರದು. ಪಾನನಿಷೇಧಕ್ಕೆ ಯತ್ನಿಸಬೇಕು ಅಂತ ಸಂವಿಧಾನದ 47ನೇ ವಿಧಿ ಹೇಳ್ತದೆ. ಆದರೆ ಬಾಟ್ಲಿ ಮೇಲಿನ ತೆರಿಗೆಯಿಂದ ಸಂಬಳ ಕೊಡೋ ಸರ್ಕಾರ ತಾನಾಗಿ ಅಂಗಡಿ ಮುಚ್ಚೀತೆ? ದೂಬಗುಂಟದಲ್ಲಿ ಮುಚ್ಚಿಸಿದ್ದು ಓದು ಕಲಿತ ಹೆಂಗಸರ ಒಗ್ಗಟ್ಟು.

ಮೇಷ್ಟ್ರುಗಳಲ್ಲಿ ನನ್ನದೊಂದು ಅರಿಕೆ. ನಮ್ಮ ವಾಚನಾಲಯದಲ್ಲಿ ಸಂಜೆ ಒಂದು ಗಂಟೆ ಹೆಂಗಸರಿಗೇ ಬಿಡಿ. ಪುಸ್ತಕ ನೀವು ಓದಿ ಹೇಳಿ, ಪದ ನಾನು ಹೇಳಿಕೊಡ್ತೀನಿ.